ಉಸಿರಿನ ದಾರಿಯಲ್ಲಿ ಬೆಳೆದದ್ದು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಹೆರಿಗೆ ವಾರ್ಡಿನಲ್ಲೇ ಆಯುಷ್ಯ ಸವೆಸಿದ ದಾದಿಯೊಬ್ಬರ ನೆನಪಿಗೆ ಅವರ ಮಕ್ಕಳು ಈ ದತ್ತಿ ಇಟ್ಟಿದ್ದಾರೆ. ಹೀಗಾಗಿ ವಿಷಯ ಹುಡುಕುವ ಕಷ್ಟ ನನಗಿರಲಿಲ್ಲ. ಹುಟ್ಟುವಾಗಲೇ ಮೂಗಿನಲ್ಲೋ ಗಂಟಲಿನಲ್ಲೋ ಗಡ್ಡೆ ಹೊತ್ತು ಬರುವ ಕೂಸುಗಳ ಬಗ್ಗೆ ಮಾತಾಡುತ್ತೇನೆ. ಅಂಥ ಕೂಸನ್ನು ಮೊದಲು ನೋಡುವವರು ನನ್ನಂಥ ಕಿವಿ-ಮೂಗು-ಗಂಟಲು ವೈದ್ಯರಲ್ಲ. ಹೆರಿಗೆ ಮಾಡಿಸಿದ ದಾದಿ ನೋಡುತ್ತಾಳೆ, ಹಾಲೂಡಿಸುವ ತಾಯಿ ನೋಡುತ್ತಾಳೆ, ನೀರೆರೆಯುವ ಅಜ್ಜಿ ನೋಡುತ್ತಾಳೆ. ಅವರು ಕಂಡದ್ದನ್ನು ನಾವು ಕೇಳಿಸಿಕೊಂಡರೆ ಕೂಸು ಉಳಿಯುತ್ತದೆ. ಇವತ್ತು ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಇವು ಅಪರೂಪದ ತೊಂದರೆಗಳು. ಮೂಗಿನ ನಡುಗೆರೆಯಲ್ಲಿ ಕಾಣಿಸುವ ಹುಟ್ಟುಗಡ್ಡೆಗಳನ್ನೇ ತೆಗೆದುಕೊಂಡರೆ 20,000ದಿಂದ 40,000 ಜನನಗಳಿಗೆ ಒಂದು ಎಂಬ ಅಂದಾಜಿದೆ. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತವೆ. ಆ ಲೆಕ್ಕ ನಮಗೂ ಹೊಂದಿದರೆ ವರ್ಷಕ್ಕೆ 25ರಿಂದ 50 ಕೂಸುಗಳು, ಅಂದರೆ ವಾರಕ್ಕೋ ಎರಡು ವಾರಕ್ಕೋ ಒಂದು. ಒಂದು ತಾಲ್ಲೂಕು ಆಸ್ಪತ್ರೆಯ ವೈದ್ಯರು ತಮ್ಮ ಇಡೀ ಸೇವಾವಧಿಯಲ್ಲಿ ಒಂದನ್ನೂ ನೋಡದೆ ಹೋಗಬಹುದು. ಅದೇ ಕಾರಣಕ್ಕೆ ನೋಡಿದ ದಿನ ಗುರುತು ಸಿಗದೆಯೂ ಹೋಗಬಹುದು.

ಗಡ್ಡೆ ಎಂದ ಕೂಡಲೇ ಮನೆಯವರ ಬಾಯಿಂದ ಬರುವ ಪ್ರಶ್ನೆ, “ಕ್ಯಾನ್ಸರಾ ಡಾಕ್ಟ್ರೇ?” ನಾನಿಲ್ಲಿ ಹೇಳಲಿರುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಕೊಬ್ಬು, ಚರ್ಮ, ಮೃದ್ವಸ್ಥಿ, ರಕ್ತನಾಳ, ಮೆದುಳಿನ ಒಂದು ಚೂರು, ಹೀಗೆ ಮೈಯಲ್ಲಿ ಇರಬೇಕಾದ ವಸ್ತುವೇ ಇರಬಾರದ ಜಾಗದಲ್ಲಿ ಇರುತ್ತದೆ, ಅಷ್ಟೆ. ಬೆನ್ನ ಮೇಲಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಸಿರಿನ ದಾರಿಯಲ್ಲಿ ಇರುವುದರಿಂದ ಕಡಲೆಕಾಳಿನಷ್ಟು ಗಾತ್ರದ್ದೂ ಪ್ರಾಣ ತೆಗೆಯಬಲ್ಲದು. ಹಾಗಾಗಿ ಗಡ್ಡೆ ಏನು ಎಂದು ಕೇಳುವ ಮೊದಲು ಅದು ಎಲ್ಲಿದೆ, ಎಲ್ಲಿಯವರೆಗೆ ಇದೆ ಎಂದು ಕೇಳಬೇಕು. ಆ ಉತ್ತರ ಸಿಗುವವರೆಗೆ ಕತ್ತರಿ, ಸೂಜಿ ಎರಡೂ ಟ್ರೇಯಲ್ಲೇ ಇರಬೇಕು.

ಕೂಸಿನ ಗಂಟಲು ದೊಡ್ಡವರ ಗಂಟಲಿನಂತೆ ಇರುವುದಿಲ್ಲ. ನಮ್ಮ ಧ್ವನಿಪೆಟ್ಟಿಗೆ ಕತ್ತಿನ ಆರು ಏಳನೆಯ ಮಣಿಯ ಮಟ್ಟದಲ್ಲಿದೆ. ಹುಟ್ಟಿದ ಕೂಸಿನದು ಮೂರು ನಾಲ್ಕನೆಯ ಮಣಿಯ ಮಟ್ಟದಲ್ಲಿ, ಎಷ್ಟು ಮೇಲೆಂದರೆ ಅದರ ಮೇಲಿರುವ ಎಪಿಗ್ಲಾಟಿಸ್ ಎಂಬ ಮುಚ್ಚಳ ಅಂಗುಳದ ಮೆದುಭಾಗವನ್ನೇ ಮುಟ್ಟುತ್ತಿರುತ್ತದೆ. ಮೂಗಿನಿಂದ ಬಂದ ಗಾಳಿ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ, ಹಾಲು ಅದರ ಎರಡೂ ಪಕ್ಕದಲ್ಲಿ ಹರಿದು ಅನ್ನನಾಳ ಸೇರುತ್ತದೆ. ಮೊಲೆಯಿಂದ ಬಾಯಿ ತೆಗೆಯದೆಯೇ ಕೂಸು ಉಸಿರಾಡುತ್ತ ಹಾಲು ಕುಡಿಯಬಲ್ಲದೆಂದರೆ ಈ ಏರ್ಪಾಡಿನಿಂದ. ಆದರೆ ಇದಕ್ಕೆ ತೆರುವ ಬೆಲೆಯೂ ಇದೆ. ಮೊದಲ ಕೆಲವು ತಿಂಗಳು ಕೂಸು ಬಹುತೇಕ ಮೂಗಿನಿಂದಲೇ ಉಸಿರಾಡುವ ಜೀವ. ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರಾಡಬೇಕೆಂಬುದು ಅದಕ್ಕೆ ತಟ್ಟನೆ ಒದಗುವುದಿಲ್ಲ. ಅತ್ತಾಗ ಬಾಯಿ ತೆರೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ಮೈಬಣ್ಣ ತಿಳಿಯಾಗುತ್ತದೆ. ಸಮಾಧಾನಗೊಂಡು ಬಾಯಿ ಮುಚ್ಚಿದರೆ ಮತ್ತೆ ನೀಲಿ.

ಇದನ್ನು ಶುಶ್ರೂಷಾ ಶಾಲೆಯ ವಿದ್ಯಾರ್ಥಿಗಳು ದಯವಿಟ್ಟು ನೆನಪಿಡಬೇಕು. ಹೃದಯದ ತೊಂದರೆಯಿರುವ ಕೂಸು ಸಾಮಾನ್ಯವಾಗಿ ಅತ್ತಾಗ ಇನ್ನಷ್ಟು ನೀಲಿಯಾಗುತ್ತದೆ. ಮೂಗು ಕಟ್ಟಿದ ಕೂಸು ಅತ್ತಾಗ ಕೆಂಪಾಗಿ, ಸುಮ್ಮನಾದಾಗ ನೀಲಿಯಾಗುತ್ತದೆ. ಯಾವ ಯಂತ್ರವೂ ಇಲ್ಲದೆ, ತೊಟ್ಟಿಲ ಪಕ್ಕದಲ್ಲಿ ನಿಂತು ಗುರುತಿಸಬಹುದಾದ ವ್ಯತ್ಯಾಸ ಇದು.

ಇನ್ನೊಂದು ಲೆಕ್ಕ. ಹುಟ್ಟಿದ ಕೂಸಿನ ಧ್ವನಿಪೆಟ್ಟಿಗೆಯ ಕೆಳಗಿನ ಭಾಗ, ಇಡೀ ಉಸಿರ್ದಾರಿಯಲ್ಲೇ ತೀರಾ ಇಕ್ಕಟ್ಟಾದ ಜಾಗ, ಸುಮಾರು 4 ಮಿಲಿಮೀಟರ್ ಅಗಲ. ಅದರ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡಿತೆನ್ನಿ. ಅಗಲ 2 ಮಿಲಿಮೀಟರಿಗೆ ಇಳಿಯಿತು, ಗಾಳಿ ಹೋಗುವ ಜಾಗ ಕಾಲುಭಾಗಕ್ಕೆ ಕುಗ್ಗಿತು, ಗಾಳಿಯನ್ನು ಎಳೆದುಕೊಳ್ಳಲು ಎದುರಾಗುವ ತಡೆ 16 ಪಟ್ಟು ಏರಿತು. ನಮ್ಮ ಗಂಟಲಿನಲ್ಲಿ ಅಷ್ಟೇ ಊತ ಬಂದರೆ ದನಿ ಒಡೆಯಬಹುದು, ಇನ್ನೇನೂ ಆಗುವುದಿಲ್ಲ. “ಸಣ್ಣ ಗಡ್ಡೆ” ಎಂಬ ಮಾತಿಗೆ ಕೂಸಿನ ವಿಷಯದಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ.

ಈಗ ಮೂಗಿನ ನಡುಗೆರೆಗೆ ಬರೋಣ. ಇಲ್ಲಿ ಬರುವ ಮೂರು ಗಡ್ಡೆಗಳು ಹೊರನೋಟಕ್ಕೆ ಒಂದನ್ನೊಂದು ಹೋಲುತ್ತವೆ. ಮೂರಕ್ಕೂ ಬೇರು ಒಂದೇ ಘಟನೆಯಲ್ಲಿದೆ. ಬಸಿರಿನ ಎರಡನೆಯ ತಿಂಗಳ ಹೊತ್ತಿಗೆ ಮುಖ ಮೂಡುತ್ತಿರುತ್ತದೆ. ತಲೆಬುರುಡೆಯ ತಳದಲ್ಲಿ, ಮೂಗಿನ ಬುಡಕ್ಕೆ ಸರಿಯಾಗಿ, ಫೊರಾಮೆನ್ ಸೀಕಮ್ ಎಂಬ ಪುಟ್ಟ ಕಿಂಡಿ. ಮೆದುಳಿನ ಹೊರಪೊರೆಯ ಒಂದು ಎಳೆ ಆ ಕಿಂಡಿಯಿಂದ ಇಳಿದು, ಮೂಗಿನ ಎಲುಬಿನ ಹಿಂದಿನ ಟೊಳ್ಳಿನಲ್ಲಿ ಸಾಗಿ, ಮೂಗಿನ ತುದಿಯ ಚರ್ಮವನ್ನು ಮುಟ್ಟುತ್ತದೆ. ಆಮೇಲೆ ಬಾವಿಗೆ ಬಿಟ್ಟ ಹಗ್ಗವನ್ನು ಸೇದಿಕೊಂಡ ಹಾಗೆ ಹಿಂದಕ್ಕೆ ಸರಿಯುತ್ತದೆ, ಕಿಂಡಿ ಮುಚ್ಚಿಕೊಳ್ಳುತ್ತದೆ. ನಮ್ಮೆಲ್ಲರಲ್ಲೂ ಹೀಗೆ ನಡೆದಿದೆ. ಎಲ್ಲೋ ಕೆಲವರಲ್ಲಿ ಅದು ಪೂರ್ತಿಯಾಗುವುದಿಲ್ಲ.

ಸರಿಯುವ ಎಳೆ ಚರ್ಮದ ಚೂರನ್ನು ತನ್ನೊಡನೆ ಒಳಕ್ಕೆಳೆದುಕೊಂಡರೆ ಅದು ಡರ್ಮಾಯ್ಡ್. ಮೂಗಿನ ದಿಣ್ಣೆಯ ಮೇಲೆ ಸೂಜಿಮೊನೆಯಷ್ಟು ಗುಳಿ, ಕೆಲವೊಮ್ಮೆ ಅದರಿಂದ ಹೊರಬಂದ ಒಂದು ಕೂದಲು. ಆ ಒಂದು ಕೂದಲು ಕಂಡರೆ ಬೇರೆ ಸಾಕ್ಷಿ ಬೇಡ. ಅದರ ನಾಳ ಎಲುಬಿನ ಒಳಹೊಕ್ಕು ಮೆದುಳಿನ ಪೊರೆಯವರೆಗೂ ಹೋಗಿರಬಹುದು. ಮೇಲಿನ ಗುಳಿಯನ್ನಷ್ಟೇ ಕೆತ್ತಿ ತೆಗೆದರೆ ಉಳಿದ ನಾಳ ಮತ್ತೆ ಮತ್ತೆ ಕೀವಾಗುತ್ತದೆ. ಆ ಕೀವು ಒಳಮುಖವಾಗಿ ಹರಿದರೆ ಮೆದುಳು ಪೊರೆಯ ಜ್ವರ. ಇದರಲ್ಲಿ ಉಸಿರಿಗೆ ತೊಂದರೆ ಕಡಿಮೆಯಾದ್ದರಿಂದ ಗುರುತಿಸುವುದೂ ತಡ. ಎಷ್ಟೋ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ, “ಮೂಗಿನ ಮೇಲಿನ ಮೊಡವೆ ಮಾಯುತ್ತಿಲ್ಲ” ಎಂದು ಬರುತ್ತಾರೆ.

ಕಿಂಡಿ ಮುಚ್ಚುವಾಗ ಮೆದುಳಿನ ಅಂಗಾಂಶದ ತುಣುಕೊಂದು ಹೊರಗೇ ಉಳಿದರೆ ಗ್ಲಯೋಮ. ಈ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ ತಂದೆತಾಯಿ ರಾತ್ರಿಯೆಲ್ಲ ಅತ್ತು ಬಂದದ್ದನ್ನು ನೋಡಿದ್ದೇನೆ. ದೊಡ್ಡವರ ಮೆದುಳಿನ ಕ್ಯಾನ್ಸರಿಗೂ ಇದೇ ಹೆಸರಿದೆ, ಆದರೆ ಮೂಗಿನ ಗ್ಲಯೋಮ ಹರಡುವುದಿಲ್ಲ. ಗಟ್ಟಿಯಾಗಿ, ಕೆಂಪಗೆ, ಒತ್ತಿದರೂ ಕುಗ್ಗದೆ ಇರುತ್ತದೆ. ಶೇ. 60ರಷ್ಟು ಮೂಗಿನ ಹೊರಗೆ, ಶೇ. 30ರಷ್ಟು ಒಳಗೆ, ಉಳಿದವು ಎರಡೂ ಕಡೆ. ಸುಮಾರು ಶೇ. 15ರಷ್ಟು ಗ್ಲಯೋಮಗಳಿಗೆ ಮೆದುಳಿನ ಪೊರೆಯ ಜೊತೆ ನಾರಿನಂಥ ನಂಟು ಉಳಿದಿರುತ್ತದೆ.

ಕಿಂಡಿ ಮುಚ್ಚದೆಯೇ ಉಳಿದು, ಅದರ ಮೂಲಕ ಪೊರೆ, ಮೆದುಳಿನ ದ್ರವ, ಕೆಲವೊಮ್ಮೆ ಮೆದುಳಿನ ಭಾಗವೂ ಹೊರಚಾಚಿದ್ದರೆ ಎನ್‌ಸೆಫಲೋಸೀಲ್. ಮೆತ್ತಗೆ, ನಸುನೀಲಿ, ಮುಟ್ಟಿದರೆ ನಾಡಿಯಂತೆ ಮಿಡಿಯುವ ಚೀಲ. ಟಾರ್ಚ್ ಹಿಡಿದರೆ ಬೆಳಕು ಹಾಯುತ್ತದೆ. ಕೂಸು ಅತ್ತಾಗ ಉಬ್ಬುತ್ತದೆ. ಕತ್ತಿನ ರಕ್ತನಾಳವನ್ನು ಮೆಲ್ಲಗೆ ಒತ್ತಿದಾಗಲೂ ಉಬ್ಬುತ್ತದೆ. ವೈದ್ಯರು ಇದನ್ನು ಫರ್ಸ್ಟನ್‌ಬರ್ಗ್ ಪರೀಕ್ಷೆ ಎನ್ನುತ್ತಾರೆ. ಹಣೆ ಮತ್ತು ಮೂಗಿನ ಬುಡದಲ್ಲಿ ಬರುವ ಈ ಬಗೆ ಥಾಯ್ಲೆಂಡ್, ಮ್ಯಾನ್ಮಾರ್, ಕಾಂಬೋಡಿಯಾಗಳ ಕಡೆ ಹೆಚ್ಚು; ಅಲ್ಲಿ 5,000ದಿಂದ 6,000 ಜನನಗಳಿಗೆ ಒಂದು ಎನ್ನುವ ಅಂದಾಜಿದೆ. ಯುರೋಪು ಅಮೆರಿಕಗಳಲ್ಲಿ ತಲೆಯ ಹಿಂಭಾಗದಲ್ಲಿ ಬರುವುದೇ ಹೆಚ್ಚು.

ಈ ಮೂರರ ವ್ಯತ್ಯಾಸವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಮೂಗಿನ ಹೊಳ್ಳೆಯೊಳಗೆ ಮುತ್ತಿನಂತೆ ಹೊಳೆಯುವ ಮಾಂಸ ಕಂಡಾಗ “ಪಾಲಿಪ್ ಇರಬೇಕು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ” ಎಂದು ಕೈ ಮುಂದೆ ಹೋಗುತ್ತದೆ. ದೊಡ್ಡವರ ಮೂಗಿನಲ್ಲಿ ಪಾಲಿಪ್ ಸಾಮಾನ್ಯ. ಹಸುಗೂಸಿಗೆ ಅಂಥ ಪಾಲಿಪ್ ಬರುವುದೇ ಇಲ್ಲ ಎನ್ನುವಷ್ಟು ಅಪರೂಪ. ಅದು ಎನ್‌ಸೆಫಲೋಸೀಲ್ ಆಗಿದ್ದು ಸೂಜಿ ಚುಚ್ಚಿದರೆ ಮೆದುಳಿನ ದ್ರವ ಮೂಗಿನಿಂದ ಸೋರುತ್ತದೆ, ಸೋರಿದ ದಾರಿಯಲ್ಲೇ ಸೋಂಕು ಮೇಲೇರುತ್ತದೆ. ಮೊದಲು ಎಂಆರ್‌ಐ, ಆಮೇಲೆ ಉಳಿದದ್ದು. ಸಿಟಿ ಒಂದೇ ಸಾಲದು, ಏಕೆಂದರೆ ಹಸುಗೂಸಿನ ಮೂಗಿನ ಬುಡ ಇನ್ನೂ ಮೃದ್ವಸ್ಥಿಯ ಹಂತದಲ್ಲಿರುತ್ತದೆ. ಎಲುಬಾಗದ ಆ ಭಾಗ ಚಿತ್ರದಲ್ಲಿ ತೂತಿನಂತೆ ಕಂಡು ದಾರಿ ತಪ್ಪಿಸಬಹುದು. ಎಂಆರ್‌ಐಗೆ ಅರಿವಳಿಕೆ ಬೇಕೇ ಬೇಕೆಂದಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ ಮಲಗಿಸಿದರೆ ಮೊದಲ ವಾರಗಳ ಎಷ್ಟೋ ಕೂಸುಗಳು ಪೂರ್ತಿ ಚಿತ್ರ ಮುಗಿಯುವವರೆಗೆ ನಿದ್ದೆ ಮಾಡುತ್ತವೆ. ದೊಡ್ಡ ಆಸ್ಪತ್ರೆಗಳು ಇದನ್ನೇ ಒಂದು ಕ್ರಮವಾಗಿ ಪಾಲಿಸುತ್ತವೆ.

ನೀರೆರೆಯುವ ಅಜ್ಜಿಯರ ಬಳಿ ನನ್ನದೊಂದು ವಿನಂತಿ. ಮೂಗು ನೆಟ್ಟಗಾಗಲೆಂದು ಎಣ್ಣೆ ಹಚ್ಚಿ ಮೂಗಿನ ದಿಣ್ಣೆಯನ್ನು ಎರಡು ಬೆರಳಲ್ಲಿ ತೀಡುವುದು, ಮೂಗು ಬಿಡಲಿ ಎಂದು ಹೊಳ್ಳೆಗೆ ಎಣ್ಣೆಯ ಹನಿ ಬಿಡುವುದು, ಬಾಯಿಂದ ಊದುವುದು ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ತೀಡುವ ಜಾಗದ ಕೆಳಗೆ ನಾನೀಗ ಹೇಳಿದ ಕಿಂಡಿ ಮುಚ್ಚದೆ ಉಳಿದಿರಬಹುದು. ಹೊಳ್ಳೆಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರುತ್ತದೆ. ತೀಡುವುದನ್ನೂ ಎಣ್ಣೆ ಬಿಡುವುದನ್ನೂ ಊದುವುದನ್ನೂ ಬಿಡಿ. ನೋಡುವುದನ್ನು ಮಾತ್ರ ಬಿಡಬೇಡಿ. ಕಾಲ ಮೇಲೆ ಮಲಗಿಸಿಕೊಂಡು ಕೂಸಿನ ಮೈಯ ಪ್ರತಿ ಮಡಿಕೆಯನ್ನೂ ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡುವವರು ನೀವೊಬ್ಬರೇ. ಅತ್ತಾಗ ಉಬ್ಬುವ ಗಂಟು, ಮೂಗಿನ ಮೇಲಿನ ಗುಳಿ, ಗದ್ದದ ಕೆಳಗಿನ ಕೆಂಪು ಮಚ್ಚೆ ಎಷ್ಟೋ ಸಲ ಮೊದಲು ಕಂಡದ್ದು ನಿಮಗೆ.

ಗಂಟಲಿಗೆ ಇಳಿಯುತ್ತೇನೆ. ಮೂಗಿನ ಹಿಂಭಾಗದಲ್ಲಿ, ಅಂಗುಳದ ಮೇಲೆ ಬರುವ ಗಡ್ಡೆಗಳಲ್ಲಿ ಹೆಚ್ಚು ಸಲ ಕಾಣುವುದು ರೋಮದ ಪಾಲಿಪ್. ಗ್ಲಾಸ್ಗೋದ ಗಂಟಲು ತಜ್ಞ ಬ್ರೌನ್ ಕೆಲ್ಲಿ 1918ರಲ್ಲಿ ಇಂಥ ಗಡ್ಡೆಗಳನ್ನು ವಿಂಗಡಿಸಿ ಬರೆದ. ಹೆಣ್ಣುಕೂಸುಗಳಲ್ಲಿ ಇದು ಹಲವು ಪಟ್ಟು ಹೆಚ್ಚು. ಹೊರಗೆ ಚರ್ಮ, ಮೇಲೆ ನವಿರು ರೋಮ, ಒಳಗೆ ಕೊಬ್ಬು, ನಡುವೆ ಒಮ್ಮೊಮ್ಮೆ ಮೃದ್ವಸ್ಥಿ. ತೊಟ್ಟಿನಲ್ಲಿ ಜೋತಾಡುತ್ತಿರುತ್ತದೆ. ಕೂಸು ಒಂದು ಮಗ್ಗುಲಿಗೆ ಮಲಗಿದರೆ ಗಡ್ಡೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ, ಅಂಗಾತ ಮಲಗಿದರೆ ಧ್ವನಿಪೆಟ್ಟಿಗೆಯ ಬಾಯಿಗೇ ಬಂದು ಕೂರುತ್ತದೆ.

ಸರ್ಕಾರಿ ಬೋಧನಾಸ್ಪತ್ರೆಯೊಂದರಲ್ಲಿ ನಾನಿದ್ದಾಗ ಇಂಥ ಒಂದು ಹೆಣ್ಣುಕೂಸು ಬಂತು. ಕೆಲವೇ ದಿನದ ಕೂಸು. ಬಂದಾಗ ಆರಾಮಾಗಿತ್ತು. ಉಸಿರಿನ ಎಣಿಕೆ ಸರಿ, ಆಕ್ಸಿಜನ್ ಸರಿ, ಎದೆಯ ಎಕ್ಸ್-ರೇ ಸರಿ. ತಾಯಿ ಮಾತ್ರ ಒಂದೇ ಮಾತು ಹೇಳುತ್ತಿದ್ದಳು. “ಎಡಮಗ್ಗುಲಿಗೆ ಹಾಕಿದ್ರೆ ಏನೂ ಇಲ್ಲ ಡಾಕ್ಟ್ರೇ. ಅಂಗಾತ ಹಾಕಿದ್ರೆ ಗೊರಗೊರ ಅಂತದೆ, ಪಕ್ಕೆ ಸೆಳೀತದೆ.” ಜೊತೆಗೆ ಬಂದಿದ್ದ ಅಜ್ಜಿ ಇನ್ನೊಂದು ಮಾತು ಸೇರಿಸಿದಳು: ಕೂಸು ಹಾಲು ಕಕ್ಕಿದಾಗ ಬಾಯೊಳಗೆ “ಇನ್ನೊಂದು ನಾಲಗೆ” ಕಂಡಂತಾಗಿ ಮಾಯವಾಯಿತಂತೆ. ನಮ್ಮ ಕಿರಿಯ ವೈದ್ಯೆಯೊಬ್ಬಳು ಆ ಮಾತನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡಿದ್ದಳು. ಆ ಸಾಲು ಓದಿಯೇ ಎಂಡೋಸ್ಕೋಪ್ ಹಾಕಿದ್ದು. ಅಂಗುಳದ ಹಿಂದೆ, ತೊಟ್ಟಿನಲ್ಲಿ ತೂಗುತ್ತಿತ್ತು. ಎಂಆರ್‌ಐ ನೋಡಿ ಮೆದುಳಿಗೆ ಸಂಬಂಧವಿಲ್ಲವೆಂದು ಖಚಿತ ಮಾಡಿಕೊಂಡು, ಬಾಯ ಮೂಲಕವೇ ಬುಡದಲ್ಲಿ ಕತ್ತರಿಸಿ ತೆಗೆದೆವು. ಇಂಥ ಪಾಲಿಪ್ ಪೂರ್ತಿ ತೆಗೆದ ಮೇಲೆ ಮರಳಿ ಬರುವುದು ತೀರಾ ಅಪರೂಪ. ಅಂದು ಸಂಜೆಯೇ ಕೂಸು ಅಂಗಾತ ಮಲಗಿ ನಿದ್ದೆ ಮಾಡಿತು.

ಬಂದು ಹೋಗುವ ತೊಂದರೆಯನ್ನು ನಂಬುವುದು ವೈದ್ಯರಿಗೆ ಕಷ್ಟ. ನಾವು ನೋಡುವ ಹತ್ತು ನಿಮಿಷದಲ್ಲಿ ಅದು ಬಾರದೇ ಇರಬಹುದು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕೂಸು ಗೊರಗುಟ್ಟುವಾಗ, ಪಕ್ಕೆ ಸೆಳೆಯುವಾಗ, ಹಾಲು ಕುಡಿಯುತ್ತ ದಮ್ಮು ಕಟ್ಟಿ ಮೊಲೆ ಬಿಡುವಾಗ ಅಂಗಿ ಬಿಚ್ಚಿ ಎದೆ ಕಾಣುವಂತೆ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡು ಬನ್ನಿ. ಆ ಅರ್ಧ ನಿಮಿಷ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಹೀಗೆಯೇ ಕಣ್ತಪ್ಪಿಸುವ ಇನ್ನೊಂದು ಗಡ್ಡೆ, ನಾಲಗೆಯ ಬುಡದಲ್ಲಿ, ಎಪಿಗ್ಲಾಟಿಸಿನ ಮುಂದೆ ಬರುವ ನೀರುಗುಳ್ಳೆ. ಕೂಸುಗಳಲ್ಲಿ ಉಸಿರೆಳೆದಾಗ ಕೀರಲು ಸದ್ದು ಬರುವುದಕ್ಕೆ ಬಹುಸಾಮಾನ್ಯ ಕಾರಣ ಧ್ವನಿಪೆಟ್ಟಿಗೆಯ ಮೆದುತನ. ಅದು ಬಹುಪಾಲು ಕೂಸುಗಳಲ್ಲಿ ಒಂದೂವರೆ ಎರಡು ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ. ಹಾಗಾಗಿ “ಬೆಳೀತಾ ಸರಿಹೋಗುತ್ತೆ” ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಈ ನೀರುಗುಳ್ಳೆಯೂ ಅದೇ ಸದ್ದು ಮಾಡುತ್ತದೆ, ಆದರೆ ಸರಿಹೋಗುವುದಿಲ್ಲ. ಸದ್ದಿನ ಜೊತೆ ತೂಕ ಏರದಿದ್ದರೆ, ಹಾಲು ಕುಡಿಯಲು ಒದ್ದಾಡಿದರೆ, ನಿದ್ದೆಯಲ್ಲಿ ಉಸಿರು ನಿಂತರೆ, ಒಮ್ಮೆ ಎಂಡೋಸ್ಕೋಪ್ ಹಾಕಿ ನೋಡಲೇಬೇಕು. ಮೂಗಿನ ಹಿಂದಿನ ಬಾಗಿಲೇ ಎಲುಬಿನಿಂದ ಮುಚ್ಚಿಹೋಗಿರುವ ತೊಂದರೆಯೂ ಇದೆ, ಗಡ್ಡೆಯಲ್ಲದಿದ್ದರೂ ಅದರ ಲಕ್ಷಣ ಅದೇ. 7,000ದಿಂದ 8,000 ಜನನಗಳಿಗೆ ಒಂದು. ಎರಡೂ ಕಡೆ ಮುಚ್ಚಿದ್ದರೆ ಹುಟ್ಟಿದ ಗಳಿಗೆಯಲ್ಲೇ ಪ್ರಾಣಾಪಾಯ. ಹೊಳ್ಳೆಯ ಮುಂದೆ ಹತ್ತಿಯ ಎಳೆ ಹಿಡಿದು ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಬಾಯಿಗೆ ಏರ್‌ವೇ ಕೊಳವೆ ಇಟ್ಟು ಪ್ಲಾಸ್ಟರ್ ಹಚ್ಚಿ, ಆಮೇಲೆ 108ಕ್ಕೆ ಕರೆ ಮಾಡಿ. ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಆ ಕೊಳವೆ ಕೂಸನ್ನು ಉಳಿಸುತ್ತದೆ.

ಈ ಕ್ಷೇತ್ರದಲ್ಲಿ ನನ್ನ ಕಾಲದಲ್ಲೇ ಆದ ದೊಡ್ಡ ಬದಲಾವಣೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಹೆಮಾಂಜಿಯೋಮ ಎಂಬ ರಕ್ತನಾಳದ ಗಡ್ಡೆ ಹುಟ್ಟುವಾಗ ಕಾಣುವುದಿಲ್ಲ, ಕಂಡರೂ ಮಸುಕು ಮಚ್ಚೆ. ಮೊದಲ ವಾರಗಳಲ್ಲಿ ಬೆಳೆಯತೊಡಗಿ, ತಿಂಗಳುಗಟ್ಟಲೆ ಬೆಳೆದು, ಆಮೇಲೆ ವರ್ಷಗಳಲ್ಲಿ ನಿಧಾನವಾಗಿ ಕರಗುತ್ತದೆ. ಚರ್ಮದ ಮೇಲಿದ್ದರೆ ಕಾಯಬಹುದು. ನಾನು ಆಗಲೇ ಹೇಳಿದ ಆ 4 ಮಿಲಿಮೀಟರ್ ಜಾಗದಲ್ಲಿದ್ದರೆ ಕಾಯಲಾಗುವುದಿಲ್ಲ. ಒಂದೂವರೆ ಎರಡು ತಿಂಗಳ ಕೂಸಿಗೆ ಉಸಿರು ಎಳೆಯುವಾಗಲೂ ಬಿಡುವಾಗಲೂ ಸದ್ದು, ನಾಯಿಕೆಮ್ಮಿನಂಥ ಕೆಮ್ಮು. ಶೀತವೆಂದು ಔಷಧಿ ಕೊಟ್ಟಾಗ ಕೊಂಚ ಕಡಿಮೆ, ಮತ್ತೆ ಜೋರು. ಇಂಥ ಕೂಸುಗಳಿಗೆ ನಾವು ಮಾಡುತ್ತಿದ್ದುದೇನು? ಕತ್ತಿನಲ್ಲಿ ರಂಧ್ರ ಮಾಡಿ ಟ್ರೇಕಿಯೋಸ್ಟಮಿ ಕೊಳವೆ ಹಾಕಿ, ಗಡ್ಡೆ ತಾನಾಗಿ ಕರಗುವವರೆಗೆ ವರ್ಷಗಟ್ಟಲೆ ಕಾಯುವುದು. ಇಲ್ಲವೇ ಸ್ಟಿರಾಯ್ಡ್, ಲೇಸರ್. ಕೊಳವೆಯಲ್ಲಿ ಕಫ ಕಟ್ಟಿದರೆ ತೆಗೆಯಲು ತಾಯಿ ಹಗಲಿರುಳು ಎಚ್ಚರವಿರಬೇಕಿತ್ತು. ಹೊಲದ ಕೆಲಸಕ್ಕೆ ಹೋಗುವ ತಾಯಿಗೆ ಅದು ಎಂಥ ಶಿಕ್ಷೆ ಎಂದು ಯೋಚಿಸಿ.

2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯೆ ಕ್ರಿಸ್ಟೀನ್ ಲಿಯೋಟೆ-ಲಬ್ರೇಜ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪುಟ್ಟ ಪತ್ರ ಪ್ರಕಟಿಸಿದರು. ಮೂಗಿನ ಮೇಲೆ ಹೆಮಾಂಜಿಯೋಮವಿದ್ದ ಮಗುವೊಂದಕ್ಕೆ ಸ್ಟಿರಾಯ್ಡ್ ಕೊಡುತ್ತಿದ್ದರು. ಆ ನಡುವೆ ಹೃದಯದ ಸ್ನಾಯು ದಪ್ಪಗಾಗಿ ತೊಂದರೆಯಾಯಿತು. ಹೃದಯಕ್ಕೆಂದು ಪ್ರೊಪ್ರನೊಲಾಲ್ ಶುರುಮಾಡಿದರು. ಮರುದಿನವೇ ಗಡ್ಡೆಯ ಕಡುಕೆಂಪು ಬಣ್ಣ ನೇರಳೆಗೆ ತಿರುಗಿ ಅದು ಮೆತ್ತಗಾಗಿತ್ತು. ಬೇರೆ ವೈದ್ಯರಾಗಿದ್ದರೆ ಕಾಕತಾಳೀಯವೆಂದು ಬಿಟ್ಟುಬಿಡಬಹುದಿತ್ತು. ಇವರು ಬಿಡಲಿಲ್ಲ, ಇನ್ನೂ ಹಲವು ಮಕ್ಕಳಲ್ಲಿ ನೋಡಿದರು. 2015ರಲ್ಲಿ 400ಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು: ಆರು ತಿಂಗಳ ಔಷಧಿಯಿಂದ ಶೇ. 60ರಷ್ಟು ಮಕ್ಕಳಲ್ಲಿ ಗಡ್ಡೆ ಪೂರ್ತಿ ಅಥವಾ ಬಹುಪೂರ್ತಿ ಕರಗಿತ್ತು, ಔಷಧಿಯಿಲ್ಲದ ಗುಂಪಿನಲ್ಲಿ ಶೇ. 4.

ಪ್ರೊಪ್ರನೊಲಾಲ್ ಹೊಸ ಔಷಧಿಯೇನಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಎದೆನೋವಿಗೆಂದು 1960ರ ದಶಕದಲ್ಲಿ ರೂಪಿಸಿದ್ದು, ಅವರಿಗೆ 1988ರಲ್ಲಿ ನೊಬೆಲ್ ಬಂತು. ನಮ್ಮ ಯಾವ ಊರಿನ ಔಷಧಿ ಅಂಗಡಿಯಲ್ಲೂ ಅಗ್ಗದ ದರಕ್ಕೆ ಸಿಗುವ ಮಾತ್ರೆ. ಗಂಟಲಿನ ಹೆಮಾಂಜಿಯೋಮಕ್ಕೂ ಈಗ ಮೊದಲ ಚಿಕಿತ್ಸೆ ಇದೇ. ಕತ್ತಿನಲ್ಲಿ ರಂಧ್ರ ಮಾಡಬೇಕಾಗಿದ್ದ ಎಷ್ಟೋ ಕೂಸುಗಳು ಚಮಚೆಯಲ್ಲಿ ಔಷಧಿ ಕುಡಿದು ಮನೆಗೆ ಹೋಗುತ್ತಿವೆ. ಆದರೆ ಇದನ್ನು ಯಾರೂ ಮನೆಯಲ್ಲಿ ತಾವಾಗಿಯೇ ಶುರುಮಾಡಬಾರದು. ಹೃದಯದ ಬಡಿತ ಇಳಿಯಬಹುದು, ಹಸಿದ ಹೊಟ್ಟೆಯಲ್ಲಿ ಕೊಟ್ಟರೆ ರಕ್ತದ ಸಕ್ಕರೆ ಕುಸಿಯಬಹುದು. ಮೊದಲ ಡೋಸು ವೈದ್ಯರ ಕಣ್ಣೆದುರೇ ಆಗಬೇಕು. ಮಗು ಹಾಲು ಕುಡಿಯದ ದಿನ, ವಾಂತಿ ಭೇದಿಯ ದಿನ ಡೋಸು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಗಂಟಲೊಳಗಿನ ಈ ಗಡ್ಡೆಯನ್ನು ಹುಡುಕುವ ಸುಳಿವೂ ಹೊರಗೇ ಇದೆ. ಗಂಟಲಿನಲ್ಲಿ ಹೆಮಾಂಜಿಯೋಮ ಇರುವ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಚರ್ಮದ ಮೇಲೂ ಕೆಂಪು ಮಚ್ಚೆ ಇರುತ್ತದೆ. ಗಂಡಸರಿಗೆ ಗಡ್ಡ ಬೆಳೆಯುವ ಜಾಗದಲ್ಲಿ, ಅಂದರೆ ಗದ್ದ, ಕೆಳತುಟಿ, ದವಡೆ, ಕತ್ತಿನ ಮುಂಭಾಗದಲ್ಲಿ ಕೆಂಪು ಹರಡಿದ್ದು, ಉಸಿರಿನಲ್ಲಿ ಸದ್ದೂ ಇದ್ದರೆ ಶೀತದ ಔಷಧಿ ಬರೆದು ಕಳಿಸಬೇಡಿ.

ಇನ್ನು ಹೊಟ್ಟೆಯಲ್ಲಿರುವಾಗಲೇ ದೊಡ್ಡದಾಗುವವು. ಟೆರಟೋಮ ಎಂಬ ಗಡ್ಡೆಯಲ್ಲಿ ಚರ್ಮ, ಸ್ನಾಯು, ನರ, ಎಲುಬು ಎಲ್ಲದರ ಎಳೆಯೂ ಸೇರಿರುತ್ತದೆ. ಕತ್ತಿನಲ್ಲಿ ಬಂದರೆ ಶ್ವಾಸನಾಳವನ್ನು ಒತ್ತುತ್ತದೆ, ಅಂಗುಳದಿಂದ ಬಂದರೆ ಬಾಯಿಯಿಂದ ಹೊರಚಾಚಿ ಕೂಸಿನ ತಲೆಯಷ್ಟೇ ಆಗಬಹುದು. ಕತ್ತಿನಲ್ಲಿ ಬರುವ ದುಗ್ಧನಾಳದ ನೀರುಗಡ್ಡೆಯೂ ಇದೇ ತೊಂದರೆ ಕೊಡಬಲ್ಲದು. ಬಸಿರಿನಲ್ಲಿ ಇವುಗಳ ಒಂದು ಸೂಚನೆ ಗರ್ಭನೀರು ಹೆಚ್ಚುವುದು. ಕೂಸು ಗರ್ಭದಲ್ಲಿ ಆ ನೀರನ್ನು ನುಂಗುತ್ತಲೇ ಇರುತ್ತದೆ. ನುಂಗಲಾಗದಿದ್ದರೆ ನೀರು ತುಂಬಿಕೊಳ್ಳುತ್ತದೆ. “ನೀರು ಜಾಸ್ತಿ ಇದೆ” ಎಂದು ಸ್ಕ್ಯಾನ್ ವರದಿ ಬಂದಾಗ ಕೂಸಿನ ಕತ್ತು ಬಾಯಿಗಳನ್ನು ಇನ್ನೊಮ್ಮೆ ನೋಡಿಸಬೇಕು.

ಇಂಥ ಕೂಸು ಮಾಮೂಲಿ ಹೆರಿಗೆಯಲ್ಲಿ ಹುಟ್ಟಿದರೆ ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಐದೇ ನಿಮಿಷದ ಸಮಯ ನಮ್ಮ ಕೈಯಲ್ಲಿರುತ್ತದೆ, ಅಷ್ಟರಲ್ಲಿ ದಾರಿ ಸಿಗಬೇಕು. ಅದನ್ನು ತಪ್ಪಿಸಲು ಎಕ್ಸಿಟ್ ಎಂಬ ಕ್ರಮವಿದೆ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಹ್ಯಾರಿಸನ್ ಅವರ ತಂಡ ವಪೆಯ ದೋಷವಿದ್ದ ಕೂಸುಗಳಿಗೆ ಗರ್ಭದಲ್ಲೇ ಶ್ವಾಸನಾಳಕ್ಕೆ ಕ್ಲಿಪ್ ಹಾಕುತ್ತಿತ್ತು. ಹುಟ್ಟುವಾಗ ಆ ಕ್ಲಿಪ್ ತೆಗೆಯಲು ಸಮಯ ಬೇಕಾಗಿ ಹುಟ್ಟಿದ ಕ್ರಮ ಇದು. ಸಿಸೇರಿಯನ್ ಮಾಡಿ ಕೂಸಿನ ತಲೆ, ಭುಜ ಮಾತ್ರ ಹೊರತೆಗೆಯುತ್ತಾರೆ. ಬಳ್ಳಿ ಕತ್ತರಿಸುವುದಿಲ್ಲ. ಮಾಸು ಕೂಸಿಗೆ ಉಸಿರು ಕೊಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ನಾವು ಕೊಳವೆ ಹಾಕುತ್ತೇವೆ, ಆಗದಿದ್ದರೆ ಕತ್ತಿನಲ್ಲಿ ದಾರಿ ಮಾಡುತ್ತೇವೆ. ಒಂದು ಗಂಟೆಯವರೆಗೂ ಕಾಲಾವಕಾಶ ಸಿಗಬಹುದು. ಗರ್ಭಕೋಶ ಕುಗ್ಗದಂತೆ ಆಳವಾದ ಅರಿವಳಿಕೆ ಬೇಕು, ಅದರಿಂದಾಗಿ ತಾಯಿಗೆ ರಕ್ತಸ್ರಾವದ ಅಪಾಯವಿದೆ. ಕೂಸಿಗಾಗಿ ತಾಯಿಯನ್ನು ಅಪಾಯಕ್ಕೆ ಒಡ್ಡುವ ಈ ನಿರ್ಧಾರ ತಾಯಿಯದೇ ಆಗಿರಬೇಕು; ಅತ್ತೆ, ಗಂಡ, ವೈದ್ಯ ಯಾರೂ ಅವಳ ಪರವಾಗಿ ಸಹಿ ಹಾಕಿ ಮುಗಿಸುವ ವಿಷಯವಲ್ಲ. ಇಷ್ಟೆಲ್ಲ ಒಂದೇ ಸೂರಿನಡಿ ಇರುವ ಆಸ್ಪತ್ರೆಗಳು ಕೆಲವೇ ನಗರಗಳಲ್ಲಿವೆ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹುಟ್ಟಿದ ಮೇಲೆ ಅಷ್ಟು ದೂರ ಸಾಗಿಸಲಾಗದು, ತಾಯ ಹೊಟ್ಟೆಯಲ್ಲಿ ಸಾಗಿಸಬಹುದು. ಐದನೆಯ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನನ್ನು ಬಹಳ ಕಾಡಿದ ಸಂಗತಿ. ಕೂಸಿನ ಮುಖದಲ್ಲಿ ಗಡ್ಡೆ ಕಂಡ ಮನೆಯಲ್ಲಿ ಮೊದಲ ಬೆರಳು ಬಾಣಂತಿಯ ಕಡೆ ತಿರುಗುತ್ತದೆ. ಗ್ರಹಣದಲ್ಲಿ ಹೊರಗೆ ಹೋಗಿದ್ದಳು, ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚಿದಳು, ತಿನ್ನಬಾರದ್ದು ತಿಂದಳು. ವಾರ್ಡಿನಲ್ಲಿ ಹಾಸಿಗೆಯ ಪಕ್ಕ ನಿಂತೇ ಅಂದುಬಿಡುತ್ತಾರೆ. ಕೇಳುತ್ತ ಕೇಳುತ್ತ ಅವಳೂ ನಂಬತೊಡಗುತ್ತಾಳೆ, ಹಾಲು ಬತ್ತುತ್ತದೆ. ದಯವಿಟ್ಟು ಕೇಳಿ. ಮುಖದ, ಮೂಗಿನ ಈ ರಚನೆಗಳೆಲ್ಲ ಗರ್ಭದ 4ರಿಂದ 8ನೆಯ ವಾರದೊಳಗೆ ಬಹುಪಾಲು ರೂಪುಗೊಂಡಿರುತ್ತವೆ. ಮುಟ್ಟು ತಪ್ಪಿತೆಂದು ಅನುಮಾನ ಬಂದು, ಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ಕಿಂಡಿ ಮುಚ್ಚುವುದೋ ಮುಚ್ಚದಿರುವುದೋ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಏಳನೆಯ ತಿಂಗಳ ಗ್ರಹಣ ಅದನ್ನು ಬದಲಿಸಲಾರದು. ಅವಳು ಮಾಡಿದ್ದರಿಂದ ಬಂದದ್ದಲ್ಲ. ಈ ಮಾತನ್ನು ವೈದ್ಯರು ಬಾಣಂತಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದರೆ ಸಾಲದು, ಅತ್ತೆ ಮಾವ ಗಂಡ ಎಲ್ಲರನ್ನೂ ಕೂಡಿಸಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ನಾನು ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮಾಡುವ ಕೆಲಸವೆಂದೇ ಎಣಿಸಿದ್ದೇನೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ಹುಟ್ಟುದೋಷಗಳ ಪಟ್ಟಿಯಲ್ಲಿ ಒಂಬತ್ತು ಇವೆ: ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ, ಕಿವುಡು, ನರನಾಳದ ದೋಷ ಮುಂತಾಗಿ. ಮೂಗು ಗಂಟಲ ಗಡ್ಡೆಗಳು ಅದರಲ್ಲಿ ಬಿಡಿಯಾಗಿ ಇಲ್ಲ. ಹತ್ತನೆಯದಾಗಿ ಇವನ್ನೂ ಸೇರಿಸಿ ಎಂದು ನಾನು ಕೇಳುವುದಿಲ್ಲ. ಇಷ್ಟು ಅಪರೂಪದ್ದನ್ನೆಲ್ಲ ಸೇರಿಸುತ್ತ ಹೋದರೆ ಪಟ್ಟಿ ಉದ್ದವಾಗುತ್ತದೆ, ನೋಡುವ ಕಣ್ಣು ದಣಿಯುತ್ತದೆ. ನನ್ನ ಕೋರಿಕೆ ಇನ್ನೂ ಚಿಕ್ಕದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ನೋಡುತ್ತಾಳೆ. ಉಸಿರು ಎಣಿಸುತ್ತಾಳೆ, ತೂಕ ಹಿಡಿಯುತ್ತಾಳೆ. ಅದರ ಜೊತೆ ಎರಡೇ ಪ್ರಶ್ನೆ ಕೇಳಲಿ. ಹಾಲು ಕುಡಿಯುವಾಗ ದಮ್ಮು ಕಟ್ಟಿ ಮೊಲೆ ಬಿಡುತ್ತದೆಯೇ? ಸುಮ್ಮನಿರುವಾಗ ನೀಲಿಯಾಗಿ ಅತ್ತಾಗ ಸರಿಯಾಗುತ್ತದೆಯೇ? ಮೊದಲ ಎರಡು ಭೇಟಿಯಲ್ಲಿ ಮೂಗಿನ ಗಡ್ಡೆ, ರೋಮದ ಪಾಲಿಪ್‌ಗಳ ಸುಳಿವು ಸಿಗುತ್ತದೆ. 28, 42ನೆಯ ದಿನಗಳು ಹೆಮಾಂಜಿಯೋಮ ಬೆಳೆಯತೊಡಗುವ ಕಾಲ, ಆ ಎರಡು ಭೇಟಿಯಲ್ಲಿ ಗದ್ದ ಎತ್ತಿ ಕತ್ತು ನೋಡಲಿ. ಆಮೇಲಿನ ಭೇಟಿ ಮೂರನೆಯ ತಿಂಗಳಲ್ಲಿ. ನಡುವಿನ ವಾರಗಳು ಈ ಗಡ್ಡೆ ಬೆಳೆದು ಉಸಿರು ಕಟ್ಟಿಸಲು ಸಾಕು. ಆದರೆ 6, 10, 14ನೆಯ ವಾರ ಕೂಸು ಲಸಿಕೆಗೆಂದು ಬಂದೇ ಬರುತ್ತದೆ. ತೊಡೆಗೆ ಚುಚ್ಚುವ ಮುಂಚೆ ಸಿಸ್ಟರ್ ಒಮ್ಮೆ ಗದ್ದ ನೋಡಿದರೆ, ಉಸಿರಿನ ಸದ್ದಿಗೆ ಕಿವಿಗೊಟ್ಟರೆ, ಒಂದು ರೂಪಾಯಿ ಖರ್ಚಿಲ್ಲದೆ ಆ ಕಂದಕ ಮುಚ್ಚುತ್ತದೆ.

ಕೊನೆಯದಾಗಿ, ಮಗು ಗುಣವಾಗಿ ಮನೆಗೆ ಹೊರಟ ದಿನ ತಂದೆತಾಯಿ ಬಾಗಿಲ ಬಳಿ ನಿಂತು ಕೇಳುವ ಪ್ರಶ್ನೆ: “ಇನ್ನೊಂದು ಮಗು ಆದರೆ ಅದಕ್ಕೂ ಹೀಗೇ ಆಗುತ್ತಾ?” ರೋಮದ ಪಾಲಿಪ್, ಗ್ಲಯೋಮ, ಟೆರಟೋಮ, ಹೆಮಾಂಜಿಯೋಮಗಳು ಬಹುಮಟ್ಟಿಗೆ ಒಂಟಿಯಾಗಿ ಬರುವವು, ಮನೆತನದಲ್ಲಿ ಹರಿದುಬರುವುದಿಲ್ಲ. ಮೂಗಿನ ಡರ್ಮಾಯ್ಡ್ ಒಂದೇ ಮನೆಯ ಇಬ್ಬರಲ್ಲಿ ಕಂಡದ್ದಿದೆ, ಅದೂ ವಿರಳ. ಮೂಗಿನ ಹಿಂಬಾಗಿಲು ಮುಚ್ಚಿದ್ದರ ಜೊತೆ ಕಣ್ಣು, ಕಿವಿ, ಹೃದಯದ ದೋಷವೂ ಇದ್ದರೆ ಜೀನ್ ಪರೀಕ್ಷೆ ಮಾಡಿಸಿ ಮಾತಾಡಬೇಕು. ಎನ್‌ಸೆಫಲೋಸೀಲ್ ಇದ್ದ ಮಗುವಿನ ತಾಯಿ ಮುಂದಿನ ಬಸಿರಿಗೆ ಮೊದಲೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲದ ಪ್ರಮಾಣ ಕೇಳಿಕೊಂಡು ಶುರುಮಾಡಲಿ. ಉಳಿದವರು ಹೆದರದೆ ಮುಂದುವರಿಯಲಿ. 18ರಿಂದ 20ನೆಯ ವಾರದ ಸ್ಕ್ಯಾನ್‌ಗೆ ಹೋಗುವಾಗ ಮೊದಲ ಮಗುವಿನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಸ್ಕ್ಯಾನ್ ಮಾಡುವವರಿಗೆ ಅದನ್ನು ಕೊಟ್ಟು, ಕೂಸಿನ ಮುಖವನ್ನೂ ಕತ್ತನ್ನೂ ವಿಶೇಷವಾಗಿ ನೋಡಿ ಎಂದು ಬಾಯಿಬಿಟ್ಟು ಕೇಳಲಿ.